ರಾಣಿಯರ ಮತ್ತು ದೊಡ್ಡಮನೆಯ ಹೆಂಗಸರ ಭಾವಚಿತ್ರಗಳು: ಉಡುಪು, ಒಡವೆ, ಭಂಗಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ ಮತ್ತು ತೀರ್ಥಹಳ್ಳಿಯ ಕಡೆ ಚಿತ್ರಕಲೆಯ ಮೇಷ್ಟ್ರಾಗಿದ್ದು ಈಗ ಶಿವಮೊಗ್ಗದಲ್ಲಿ ನೆಲೆಸಿರುವ ನನ್ನನ್ನು ಪರಿಚಿತರು ಹೆಚ್ಚಾಗಿ ಕೇಳುವುದು ಹಳೆಯ ಭಾವಚಿತ್ರಗಳ ಬಗ್ಗೆ. ಶಿವಪ್ಪನಾಯಕನ ಅರಮನೆ ನೋಡಿ ಬಂದವರು ಕೆಳದಿಯ ರಾಣಿಯರ ಚಿತ್ರ ಎಲ್ಲಿಯೂ ಇಲ್ಲವೇ ಎಂದು ಕೇಳುತ್ತಾರೆ. ಇಂಗ್ಲೆಂಡು, ಸ್ಪೇನುಗಳ ರಾಣಿಯರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿದವರು ಅವರೆಲ್ಲ ಗೊಂಬೆಗಳ ಹಾಗೆ ಬಿಗಿದು ನಿಂತಿರುವುದೇಕೆ ಎನ್ನುತ್ತಾರೆ. ಜಗಲಿಯ ಗೋಡೆಯಲ್ಲಿರುವ ಅಜ್ಜಿಯ ಫೋಟೋವನ್ನೇ ಇಳಿಸಿ ತರುವವರೂ ಇದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಭಾವಚಿತ್ರ ಎಂದರೆ ಮುಖದ ಹೋಲಿಕೆ ತಾನೇ? ಉಡುಪು, ಭಂಗಿಗಳಿಗೆ ಇಷ್ಟು ಮಹತ್ವ ಕೊಡುವುದೇಕೆ?

ನಾವು ಆಧಾರ್ ಕಾರ್ಡಿನ ಫೋಟೋಗೆ ಒಗ್ಗಿದವರಾದ್ದರಿಂದ ಹಾಗೆ ಅನ್ನಿಸುತ್ತದೆ. ರಾಜಮನೆತನದ ಹೆಂಗಸಿನ ಚಿತ್ರವನ್ನು ಬರೆಸುತ್ತಿದ್ದುದು ಅವಳು ಹೇಗಿದ್ದಾಳೆ ಎಂದು ತಿಳಿಸುವುದಕ್ಕಿಂತ ಹೆಚ್ಚಾಗಿ, ಅವಳು ಯಾರ ಮಗಳು, ಯಾರ ಹೆಂಡತಿ, ಯಾವ ಸಿಂಹಾಸನಕ್ಕೆ ವಾರಸುದಾರನನ್ನು ಹೆತ್ತವಳು ಎಂಬುದನ್ನು ನೋಡುವವನ ಮನಸ್ಸಿನಲ್ಲಿ ಊರಿಸುವುದಕ್ಕೆ. ಮುಖ ಅದರಲ್ಲಿ ಒಂದು ಭಾಗ ಮಾತ್ರ, ಎಷ್ಟೋ ಸಲ ನಂಬಲಾಗದ ಭಾಗ. ಮಾಂಟುವಾದ ದೊರೆಮನೆತನದ ಇಸಬೆಲ್ಲಾ ದೆಸ್ತೆಯನ್ನು ಇಟಲಿಯ ಚಿತ್ರಕಾರ ಟಿಷಿಯನ್ 1534 ಮತ್ತು 1536ರ ನಡುವೆ ಬರೆದಾಗ ಆಕೆಗೆ ಅರವತ್ತರ ಆಸುಪಾಸು; ಚಿತ್ರದಲ್ಲಿರುವುದು ಇಪ್ಪತ್ತು ದಾಟಿದ ಯುವತಿ. ಅದೇ ಟಿಷಿಯನ್ 1548ರಲ್ಲಿ ಪೋರ್ಚುಗಲ್ಲಿನ ಇಸಬೆಲ್ಲಾ ಮಹಾರಾಣಿಯನ್ನು ಬರೆದನು. ಆಕೆ ತೀರಿಕೊಂಡು ಒಂಬತ್ತು ವರ್ಷಗಳಾಗಿದ್ದವು. ಬೇರೊಂದು ಚಿತ್ರವನ್ನು ಮುಂದಿಟ್ಟುಕೊಂಡು ಆಕೆಯ ಮುಖವನ್ನು ರೂಪಿಸಿದನು. ಮುಖದ ವಿಷಯದಲ್ಲಿ ಇಷ್ಟು ಸಡಿಲ ಬಿಟ್ಟವರು ತೋಳಿನ ಕಸೂತಿ, ಮುತ್ತಿನ ಸರ, ಕೈಬೆರಳಿನ ಮಡಿಕೆಗಳ ವಿಷಯದಲ್ಲಿ ಮಾತ್ರ ಕೂದಲೆಳೆಯಷ್ಟೂ ರಾಜಿಯಾಗುತ್ತಿರಲಿಲ್ಲ. ಸ್ಥಾನ ಇದ್ದುದು ಅಲ್ಲಿ.

ಪ್ರಶ್ನೆ: ಇಂತಹ ಚಿತ್ರದಲ್ಲಿ ಮೊದಲು ಏನನ್ನು ನೋಡಬೇಕು?

ಕೈಗಳನ್ನು. ಇದು ನನ್ನ ಅಭಿಪ್ರಾಯ. ಬೇರೆಯವರು ಒಡವೆಯನ್ನು ಮೊದಲು ನೋಡಿ ಎನ್ನಬಹುದು. ಆದರೆ ಒಡವೆಯನ್ನು ಎರವಲು ತರಬಹುದು, ಬಟ್ಟೆಯನ್ನು ಚಿತ್ರಕಾರ ಕಲ್ಪಿಸಿಕೊಳ್ಳಬಹುದು. ಕೈಯಲ್ಲಿ ಏನಿದೆ, ಕೈ ಏನು ಮಾಡುತ್ತಿದೆ, ಅದಕ್ಕಿಂತ ಮುಖ್ಯವಾಗಿ ಏನನ್ನು ಮಾಡುತ್ತಿಲ್ಲ ಎಂಬುದರಲ್ಲಿ ಆ ಹೆಂಗಸಿನ ಇಡೀ ದಿನಚರಿ ಅಡಗಿರುತ್ತದೆ.

ಹಾನ್ಸ್ ಹೋಲ್‌ಬೈನ್ ಬರೆದ ಡೆನ್ಮಾರ್ಕಿನ ಕ್ರಿಸ್ಟೀನಾಳ ಚಿತ್ರವನ್ನು ಗಮನಿಸಬಹುದು. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಇಂಗ್ಲೆಂಡಿನ ಎಂಟನೇ ಹೆನ್ರಿ ತನ್ನ ಮೂರನೆಯ ಹೆಂಡತಿ ತೀರಿಕೊಂಡ ಮೇಲೆ ಹೊಸ ಸಂಬಂಧ ಹುಡುಕುತ್ತಿದ್ದ ಕಾಲ; ಮಿಲಾನಿನ ಡ್ಯೂಕನ ವಿಧವೆಯಾಗಿದ್ದ ಕ್ರಿಸ್ಟೀನಾಳಿಗೆ ಹದಿನಾರು ವರ್ಷ. 1538ರ ಮಾರ್ಚ್ 12ರಂದು ಬ್ರಸೆಲ್ಸಿನಲ್ಲಿ ಅವಳು ಹೋಲ್‌ಬೈನನ ಮುಂದೆ ನಿಂತದ್ದು ಮೂರು ಗಂಟೆ. ನಮ್ಮಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ಚಿತ್ರಕಾರನನ್ನೇ ಕಳಿಸಿದ ಹಾಗಾಯಿತು ಇದು. ಆ ಆಳೆತ್ತರದ ಚಿತ್ರದಲ್ಲಿ ಕಂಬವಿಲ್ಲ, ಪರದೆಯಿಲ್ಲ, ಕಿರೀಟವಿಲ್ಲ. ಹಿನ್ನೆಲೆ ಬರಿಯ ಹಸಿರು ಮಿಶ್ರಿತ ನೀಲಿ. ನೆಲದವರೆಗೆ ಇಳಿಬಿದ್ದ ಕಪ್ಪು ನಿಲುವಂಗಿಯ ನಡುವೆ ಬೆಳ್ಳಗೆ ಹೊಳೆಯುವುದು ಮುಖ ಮತ್ತು ಎರಡು ಕೈಗಳು ಮಾತ್ರ. ಒಂದೇ ಒಂದು ಕೆಂಪು ಹರಳಿನ ಉಂಗುರ. ಕೈಯಲ್ಲಿ ಕಳಚಿ ಹಿಡಿದ ಕೈಗವಸುಗಳು. ಕೈಗವಸು ಎಂದರೆ ಬಿಸಿಲು, ಮಣ್ಣು, ಪಾತ್ರೆ ಯಾವುದನ್ನೂ ಮುಟ್ಟದ ಕೈ ಎಂದರ್ಥ. ಅದನ್ನು ಕಳಚಿ ಹಿಡಿದಿರುವುದರಿಂದ ಆ ಮುಟ್ಟದ ಕೈಯನ್ನು ನೋಡುವ ಅವಕಾಶವೂ ನೋಡುಗನಿಗೆ ಸಿಗುತ್ತದೆ. ಮದುವೆ ಕೊನೆಗೂ ನಡೆಯಲಿಲ್ಲ. ಚಿತ್ರವನ್ನು ಮಾತ್ರ ಹೆನ್ರಿ ಇಟ್ಟುಕೊಂಡನು.

ಪ್ರಶ್ನೆ: ನಮ್ಮಲ್ಲಿ ಶುಭಕಾರ್ಯಕ್ಕೆ ಕಪ್ಪು ಉಡುವುದಿಲ್ಲ. ಯುರೋಪಿನ ಶ್ರೀಮಂತರು ಕಪ್ಪು ಬಟ್ಟೆಯಲ್ಲಿ ಚಿತ್ರ ಬರೆಸಿಕೊಂಡಿದ್ದೇಕೆ?

ಕ್ರಿಸ್ಟೀನಾಳ ಕಪ್ಪು ಶೋಕದ ಕಪ್ಪು, ಅದು ನಿಜ. ಆದರೆ 16ನೇ ಶತಮಾನದ ಸ್ಪೇನಿನ ಆಸ್ಥಾನದಲ್ಲಿ ಶೋಕವಿಲ್ಲದವರೂ ಕಪ್ಪನ್ನೇ ಮೆಚ್ಚಿ ತೊಡುತ್ತಿದ್ದರು, ಅದಕ್ಕೆ ಕಾರಣ ಬೆಲೆ. ಮಾಸದ, ಕಂದು ಬಣ್ಣಕ್ಕೆ ತಿರುಗದ ಗಾಢ ಕಪ್ಪನ್ನು ಬಟ್ಟೆಗೆ ಹಿಡಿಸುವುದು ಬಣ್ಣಗಾರರಿಗೆ ಕಷ್ಟದ ಕೆಲಸವಾಗಿತ್ತು. ಮತ್ತೆ ಮತ್ತೆ ಅದ್ದಿ ತೆಗೆಯಬೇಕಿತ್ತು. ಅಮೆರಿಕದಿಂದ ಹಡಗಿನಲ್ಲಿ ಬಂದ ಬಣ್ಣದ ಮರವೂ ಅದಕ್ಕೆ ಬಳಕೆಯಾಗತೊಡಗಿತು. ಅಗ್ಗದ ಕಪ್ಪು ನಾಲ್ಕು ಒಗೆತಕ್ಕೆ ಬೂದಿಬಣ್ಣವಾಗುತ್ತದೆಂಬುದು ನಮಗೂ ಗೊತ್ತು. ಅಚ್ಚ ಕಪ್ಪು ಎಂದರೆ ಹಣ, ಜೊತೆಗೆ ಸಂಯಮ. ನಮ್ಮಲ್ಲಿಯೂ ಕಪ್ಪು ಪೂರ್ತಿ ನಿಷಿದ್ಧವೇನಲ್ಲ, ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಗೆ ಚಂದ್ರಕಾಳಿ ಸೀರೆ ಉಡುವವರಿದ್ದಾರೆ.

ಪ್ರಶ್ನೆ: ಬಟ್ಟೆಯ ಬೆಲೆಯನ್ನು ಚಿತ್ರದಲ್ಲಿ ಹೇಗೆ ತೋರಿಸುತ್ತಿದ್ದರು?

ಬಟ್ಟೆಯ ತೂಕ, ಅಗಲ, ವಿನ್ಯಾಸದ ಅಡೆತಡೆಯಿಲ್ಲದ ಹರಹು ಈ ಮೂರರಿಂದ. ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿ 1545ರ ಸುಮಾರಿಗೆ ಬ್ರೊಂಜಿನೊ ಬರೆದ ಒಂದು ಚಿತ್ರವಿದೆ: ಡ್ಯೂಕ್ ಒಂದನೇ ಕೊಸಿಮೊನ ಹೆಂಡತಿ ಟೊಲೆಡೊದ ಎಲಿಯನೋರಾ ಮತ್ತು ಆಕೆಯ ಮಗ ಜೊವಾನಿ. ಆ ಚಿತ್ರದ ನಾಯಕಿ ಎಲಿಯನೋರಾಳೋ ಅವಳ ಅಂಗಿಯೋ ಎಂದು ನಾನು ಮಕ್ಕಳನ್ನು ಕೇಳುತ್ತಿದ್ದೆ. ಹೆಚ್ಚಿನವರು ಅಂಗಿ ಎನ್ನುತ್ತಿದ್ದರು. ಬಿಳಿಯ ನೆಲದ ಮೇಲೆ ಕಪ್ಪು ಬಳ್ಳಿಗಳು, ನಟ್ಟನಡುವೆ ಎದೆಯ ಮೇಲೆ ಚಿನ್ನದೆಳೆಯಲ್ಲಿ ಬಿಡಿಸಿದ ದೊಡ್ಡ ದಾಳಿಂಬೆ. ನಾವು ಕಿಂಕಾಪು ಎನ್ನುವಂತಹ ಬಟ್ಟೆ ಅದು. ಹೆಗಲ ಮೇಲೆ ಮುತ್ತು ಪೋಣಿಸಿದ ಚಿನ್ನದ ಬಲೆ, ತಲೆಗೂದಲಿಗೂ ಅಂತಹದೇ ಬಲೆ, ಕೊರಳಲ್ಲಿ ಎರಡು ಎಳೆ ಮುತ್ತು, ಸೊಂಟಕ್ಕೆ ಹರಳಿನ ಪಟ್ಟಿ, ಅದರ ತುದಿಯಲ್ಲಿ ಮುತ್ತಿನ ಕುಚ್ಚು. ಬೀಜ ತುಂಬಿದ ದಾಳಿಂಬೆ ಸಂತಾನದ ಗುರುತಾಗಿಯೂ ಓದಿಕೊಳ್ಳುವಂತಹದು, ಎಲಿಯನೋರಾ ಹನ್ನೊಂದು ಮಕ್ಕಳ ತಾಯಿ. ಒಂದು ಕೈ ಮಗನ ಹೆಗಲ ಮೇಲಿದೆ, ಆದರೆ ಆ ಕೈಯಲ್ಲಿ ಅಪ್ಪುಗೆಯಿಲ್ಲ. ಇವನು ನನ್ನವನು, ಈ ವಂಶದವನು ಎಂದು ತೋರಿಸುವ ಕೈ ಅದು.

ಅದೇ ಉಡುಪಿನಲ್ಲಿ ಆಕೆಯನ್ನು ಹೂಳಲಾಯಿತು ಎಂಬ ಕಥೆ ಬಹುಕಾಲ ಪ್ರಚಲಿತವಾಗಿತ್ತು. ಸಮಾಧಿಯಿಂದ ಹೊರತೆಗೆದ ಬಟ್ಟೆಯ ಚೂರುಗಳನ್ನು ಪರೀಕ್ಷಿಸಿದಾಗ ಅದು ಬೇರೆಯೇ ಉಡುಪೆಂದು ತಿಳಿಯಿತು. ಬಟ್ಟೆಯ ಒಂದು ತುಂಡನ್ನು ನೋಡಿಕೊಂಡು ಇಡೀ ಅಂಗಿಯನ್ನು ಚಿತ್ರಕಾರ ಕುಂಚದಲ್ಲಿಯೇ ಹೊಲಿದಿರಬಹುದೆಂಬ ವಾದವೂ ಇದೆ. ಹಾಗಾಗಿದ್ದರೆ ಇನ್ನೂ ಚೆನ್ನ.

ಪ್ರಶ್ನೆ: ಯಾರು ಏನನ್ನು ಉಡಬೇಕೆಂದು ಕಾನೂನು ಇತ್ತೇ?

ಇತ್ತು. ಇಂಗ್ಲೆಂಡಿನಲ್ಲಿ ಮೊದಲನೇ ಎಲಿಜಬೆತ್ 1574ರಲ್ಲಿ ಹೊರಡಿಸಿದ ಆಜ್ಞೆಯಂತೆ ನೇರಳೆ ರೇಷ್ಮೆ, ಚಿನ್ನದೆಳೆಯ ಬಟ್ಟೆ, ಸೇಬಲ್ ಎಂಬ ಪ್ರಾಣಿಯ ತುಪ್ಪಳು ಮೊದಲಾದವು ರಾಜಮನೆತನದವರಿಗೂ ಅತ್ಯುನ್ನತ ಶ್ರೇಣಿಯವರಿಗೂ ಮೀಸಲಾಗಿದ್ದವು. ಹೀಗಾಗಿ ಆ ಕಾಲದ ನೋಡುಗನಿಗೆ ಚಿತ್ರದಲ್ಲಿನ ತುಪ್ಪಳದ ಅಂಚು ಬರಿಯ ಅಲಂಕಾರವಾಗಿ ಕಾಣುತ್ತಿರಲಿಲ್ಲ. ಪೊಲೀಸರ ಹೆಗಲ ಮೇಲಿನ ನಕ್ಷತ್ರಗಳನ್ನು ನಾವು ಓದುವಂತೆ ಅವನು ಓದುತ್ತಿದ್ದನು. ನಮ್ಮ ಕಡೆ ಇಂತಹ ಕೆಲಸವನ್ನು ರೂಢಿ ಮಾಡಿತು. ಚಿನ್ನ ಲಕ್ಷ್ಮಿಯೆಂಬ ಭಾವನೆಯಿಂದ ಸೊಂಟದ ಕೆಳಗೆ ಚಿನ್ನ ಧರಿಸದೆ ಕಾಲಿಗೆ ಬೆಳ್ಳಿಯನ್ನೇ ಹಾಕುವುದು ವಾಡಿಕೆ. ಕಾಲಿಗೆ ಚಿನ್ನ ಹಾಕುವುದು ಅರಮನೆಯವರಿಗೆ ಮಾತ್ರ ಸಲ್ಲುವುದೆಂದು ಹಿರಿಯರು ಹೇಳುತ್ತಿದ್ದರು.

ಪ್ರಶ್ನೆ: ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುವ ಭಂಗಿ ಎಲ್ಲ ಕಡೆಯೂ ಕಾಣುತ್ತದೆ. ಅದಕ್ಕೆ ಅರ್ಥವಿದೆಯೇ?

ಇದೆ, ಆದರೆ ಎಲ್ಲ ಕಡೆ ಒಂದೇ ಅರ್ಥವಲ್ಲ. ಮ್ಯಾಡ್ರಿಡ್ಡಿನ ಪ್ರಾದೊ ಸಂಗ್ರಹಾಲಯದಲ್ಲಿರುವ, 1652-53ರಲ್ಲಿ ವೆಲಾಸ್ಕೆಜ್ ಬರೆದ, ಸ್ಪೇನಿನ ರಾಣಿಯಾಗಿದ್ದ ಆಸ್ಟ್ರಿಯಾದ ಮರಿಯಾನಾಳ ಚಿತ್ರದಲ್ಲಿ ಆಕೆಯ ಬಲಗೈ ಕುರ್ಚಿಯ ಮೇಲಿದೆ, ಎಡಗೈಯಲ್ಲಿ ದೊಡ್ಡ ಬಿಳಿಯ ಕರವಸ್ತ್ರ ಇಳಿಬಿದ್ದಿದೆ. ಸ್ಪೇನಿನ ಆಸ್ಥಾನದಲ್ಲಿ ಕುರ್ಚಿಯಲ್ಲಿ ಕೂರುವ ಹಕ್ಕು ಎಲ್ಲರಿಗೂ ಇರಲಿಲ್ಲ. ಹೆಂಗಸರು ಸಾಮಾನ್ಯವಾಗಿ ನೆಲದ ಮೇಲಿನ ದಿಂಬುಗಳಲ್ಲಿ ಕೂರುತ್ತಿದ್ದರು. ಆದ್ದರಿಂದ ಆ ಖಾಲಿ ಕುರ್ಚಿ ಸಿಂಹಾಸನಕ್ಕೆ ಸಮ. ಬೇಕಾದರೆ ಕೂರಬಲ್ಲೆ, ಕೂತಿಲ್ಲ ಎಂಬುದು ಆ ಕೈಯ ಮಾತು. ಇನ್ನು ಆಕೆಯ ಲಂಗ. ಒಳಗೆ ಬಳೆಗಳಂತಹ ಚೌಕಟ್ಟು ಕಟ್ಟಿ ಎರಡೂ ಪಕ್ಕಕ್ಕೆ ಉಬ್ಬಿಸಿದ ಆ ಲಂಗಕ್ಕೆ ಗ್ವಾರ್ದಇನ್‌ಫಾಂತೆ ಎಂದು ಹೆಸರು. ಅದನ್ನು ತೊಟ್ಟು ನಮ್ಮ ಹಳೆಯ ಮನೆಗಳ ಗಿಡ್ಡ ಬಾಗಿಲಿನಲ್ಲಿ ಅಡ್ಡಡ್ಡವಾಗಿಯೂ ನುಗ್ಗಲಾಗದು. ಓಡಲಾರದ, ಬಾಗಲಾರದ, ಇನ್ನೊಬ್ಬರ ಸಹಾಯವಿಲ್ಲದೆ ಉಡಲಾರದ ಉಡುಪೇ ಅಲ್ಲಿ ದೊಡ್ಡಸ್ತಿಕೆಯ ಗುರುತು, ಸುತ್ತ ಅಷ್ಟು ಜಾಗವನ್ನು ಆಕ್ರಮಿಸಿಕೊಳ್ಳುವ ಅಧಿಕಾರವೂ ಅದರಲ್ಲಿ ಸೇರಿದೆ.

ಮಲೆನಾಡಿನ ಹಳೆಯ ಸ್ಟುಡಿಯೋ ಫೋಟೋಗಳಲ್ಲಿಯೂ ಇದೇ ಕೈ, ಇದೇ ಕುರ್ಚಿ ಇರುತ್ತವೆ. ಆದರೆ ಕುರ್ಚಿ ಖಾಲಿಯಿರುವುದಿಲ್ಲ. ಅದರಲ್ಲಿ ಪಟೇಲರೋ ಶಾನುಭೋಗರೋ ರುಮಾಲು ಸುತ್ತಿ ಕೂತಿರುತ್ತಾರೆ, ಹಿಂದೆ ಹೆಂಡತಿ ನಿಂತಿರುತ್ತಾಳೆ. ಸ್ಪೇನಿನ ರಾಣಿಯ ಕೈ ಕುರ್ಚಿ ತನ್ನದೆಂದು ಹೇಳಿದರೆ, ಇಲ್ಲಿನ ಕೈ ಕುರ್ಚಿಯಲ್ಲಿ ಕೂತವರು ತನ್ನವರೆಂದು ಹೇಳುತ್ತದೆ. ಇದಕ್ಕೆ ತಾಂತ್ರಿಕ ಕಾರಣವೂ ಇತ್ತು: ಫೋಟೋಗ್ರಫಿಯ ಮೊದಲ ದಶಕಗಳಲ್ಲಿ ಹಲವು ಸೆಕೆಂಡು ಅಲುಗಾಡದೆ ನಿಲ್ಲಬೇಕಾದ್ದರಿಂದ ಆಸರೆಗೆ ಏನಾದರೂ ಬೇಕಿತ್ತು, ಕತ್ತಿನ ಹಿಂದೆ ಕಬ್ಬಿಣದ ಹಿಡಿಯನ್ನೂ ಇಡುತ್ತಿದ್ದರು. ಆ ಅಗತ್ಯ ಮುಗಿದ ಮೇಲೂ ಭಂಗಿ ಉಳಿದುಕೊಂಡಿತು.

ಪ್ರಶ್ನೆ: ಯಾರೂ ನಗುವುದಿಲ್ಲವೇಕೆ?

ನಗುವುದು ಲಘು ಎಂದು ತಿಳಿಯುತ್ತಿದ್ದರು. ಗಂಟೆಗಟ್ಟಲೆ ನಗುಮುಖ ಹಿಡಿದು ನಿಲ್ಲುವುದೂ ಆಗದ ಮಾತು.

ಪ್ರಶ್ನೆ: ಎಲಿಜಬೆತ್ ರಾಣಿಯ ಚಿತ್ರಗಳು ಅಷ್ಟು ವಿಚಿತ್ರವಾಗಿರುವುದೇಕೆ?

ಆಕೆ ಗಂಡನಿಲ್ಲದೆ, ಮಗನಿಲ್ಲದೆ ಆಳಿದವಳು. ಎಲಿಯನೋರಾಳಂತೆ ಮಗುವಿನ ಹೆಗಲ ಮೇಲೆ ಇಡಲು ಆಕೆಯ ಕೈಗೆ ಯಾರೂ ಇರಲಿಲ್ಲ. ಆ ಕೈಗೆ ಚಿತ್ರಕಾರರು ಭೂಮಿಯನ್ನೇ ಕೊಟ್ಟರು. 1588ರಲ್ಲಿ ಸ್ಪೇನಿನ ನೌಕಾಪಡೆ ಸೋತ ನೆನಪಿಗೆ ಬರೆದ ಆರ್ಮಡಾ ಚಿತ್ರದಲ್ಲಿ ಆಕೆಯ ಕೈ ಭೂಗೋಳದ ಮೇಲಿದೆ. ಗೇರಾರ್ಟ್ಸ್ ಎಂಬ ಚಿತ್ರಕಾರನು 1592ರ ಸುಮಾರಿಗೆ ಬರೆದ, ಸುಮಾರು ಎಂಟು ಅಡಿ ಎತ್ತರದ ಡಿಚ್ಲಿ ಚಿತ್ರದಲ್ಲಿ ಬಿಳಿಯ ಉಡುಪಿನ ರಾಣಿ ಇಂಗ್ಲೆಂಡಿನ ನಕ್ಷೆಯ ಮೇಲೆಯೇ ನಿಂತಿದ್ದಾಳೆ, ಪಾದಗಳು ಆಕ್ಸ್‌ಫರ್ಡ್‌ಶೈರಿನ ಮೇಲಿವೆ, ಹಿಂದೆ ಗುಡುಗು ಮಿಂಚು, ಮುಂದೆ ಬಿಸಿಲು. 1600ರ ಸುಮಾರಿನ ಇನ್ನೊಂದು ಚಿತ್ರದಲ್ಲಿ ಆಕೆ ಹೊದ್ದ ಬಟ್ಟೆಯ ತುಂಬ ಕಣ್ಣು ಕಿವಿಗಳನ್ನು ಬರೆದಿದ್ದಾರೆ: ರಾಜ್ಯದಲ್ಲಿ ನಡೆಯುವುದೆಲ್ಲ ಆಕೆಗೆ ಕಾಣುತ್ತದೆ, ಕೇಳುತ್ತದೆ. ಆಗ ಆಕೆಗೆ ಅರವತ್ತೇಳರ ಹತ್ತಿರ ವಯಸ್ಸು, ಚಿತ್ರದ ಮುಖದಲ್ಲಿ ಒಂದು ಸುಕ್ಕೂ ಇಲ್ಲ.

ಪ್ರಶ್ನೆ: ರಾಣಿಯೊಬ್ಬಳು ಸರಳ ಉಡುಪಿನಲ್ಲಿ ಚಿತ್ರ ಬರೆಸಿಕೊಂಡರೆ ಏನಾಗುತ್ತಿತ್ತು?

ಫ್ರಾನ್ಸಿನಲ್ಲಿ ದೊಡ್ಡ ಗದ್ದಲವೇ ಆಯಿತು. 1783ರಲ್ಲಿ ಚಿತ್ರಕಾರ್ತಿ ವಿಜೇ ಲ ಬ್ರೂನ್, ಮರಿ ಆಂತ್ವಾನೆತ್ ರಾಣಿಯನ್ನು ಬಿಳಿಯ ಮಸ್ಲಿನ್ ಅಂಗಿ ಮತ್ತು ಹುಲ್ಲಿನ ಟೋಪಿಯಲ್ಲಿ ಬರೆದು ಪ್ಯಾರಿಸಿನ ಪ್ರದರ್ಶನಕ್ಕೆ ಇಟ್ಟಳು. ರಾಣಿಯನ್ನು ಒಳಉಡುಪಿನಲ್ಲಿ ತೋರಿಸಿದ್ದಾರೆಂದು ಜನ ಆಡಿಕೊಂಡರು. ಚಿತ್ರವನ್ನು ಇಳಿಸಿ, ಕೈಯಲ್ಲಿ ಗುಲಾಬಿ ಹಿಡಿದ ಅದೇ ಭಂಗಿಯನ್ನು ರೇಷ್ಮೆಯ ಆಸ್ಥಾನದ ಉಡುಪಿನಲ್ಲಿ ಮತ್ತೆ ಬರೆದು ತೂಗುಹಾಕಬೇಕಾಯಿತು. ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮುಖ ಒಂದೇ, ಗುಲಾಬಿ ಒಂದೇ, ಬದಲಾದದ್ದು ಬಟ್ಟೆ. ಒಬ್ಬಳು ತೋಟದಲ್ಲಿ ಅಡ್ಡಾಡುವ ಹೆಂಗಸು, ಇನ್ನೊಬ್ಬಳು ಫ್ರಾನ್ಸಿನ ರಾಣಿ. ಈ ವಿಷಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ನಾಲ್ಕು ವರ್ಷಗಳ ನಂತರ ಅದೇ ಚಿತ್ರಕಾರ್ತಿ ರಾಣಿಯನ್ನು ಕೆಂಪು ಮಖಮಲ್ಲಿನಲ್ಲಿ, ಮಕ್ಕಳ ನಡುವೆ ಕೂರಿಸಿ ಬರೆದಳು. ಅದರಲ್ಲಿ ಹಿರಿಯ ಮಗ ಕೈ ತೋರಿಸುತ್ತಿರುವ ತೊಟ್ಟಿಲು ಖಾಲಿಯಿದೆ. ಹಸುಗೂಸು ಸೋಫಿ ಆ ವರ್ಷವೇ ತೀರಿಕೊಂಡಿದ್ದಳು.

ಪ್ರಶ್ನೆ: ಸೇವಕರನ್ನು ಚಿತ್ರದಲ್ಲಿ ಸೇರಿಸುತ್ತಿದ್ದುದೇಕೆ?

ಎತ್ತರವನ್ನು ಅಳೆಯಲು ಪಕ್ಕದಲ್ಲಿ ಇನ್ನೊಬ್ಬರು ಬೇಕು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, 1623ರಲ್ಲಿ ವಾನ್ ಡೈಕ್ ಬರೆದ ಜಿನೋವಾದ ಎಲೆನಾ ಗ್ರಿಮಾಲ್ಡಿಯ ಚಿತ್ರದಲ್ಲಿ ಆಕೆಯ ಹಿಂದೆ ಆಫ್ರಿಕಾ ಮೂಲದ ಸೇವಕನೊಬ್ಬ ಕೆಂಪು ಕೊಡೆಯನ್ನು ಎತ್ತಿ ಹಿಡಿದಿದ್ದಾನೆ. ಕೊಡೆ ಆಕೆಯ ತಲೆಯ ಹಿಂದೆ ಪ್ರಭಾವಳಿಯ ಹಾಗೆ ನಿಂತಿದೆ. ಛತ್ರ ಚಾಮರಗಳನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗೂ ಬಿಸಿಲಿಗೂ ತಾನೇ ಕೊಡೆ ಹಿಡಿದು ಓಡಾಡುವ ಮಲೆನಾಡಿನಲ್ಲಿ ಇನ್ನೊಬ್ಬರು ಕೊಡೆ ಹಿಡಿಯುವುದೆಂದರೆ ಏನೆಂಬುದೂ ಗೊತ್ತು. ಆಕೆಯ ಹೆಸರು ಚಿತ್ರದ ಶೀರ್ಷಿಕೆಯಲ್ಲಿದೆ, ಕೊಡೆ ಹಿಡಿದವನ ಹೆಸರಿಲ್ಲ. ಇಂತಹ ಚಿತ್ರವನ್ನು ಮೆಚ್ಚುವಾಗ ನನಗೆ ಅಲ್ಲಿ ಸ್ವಲ್ಪ ಇರುಸುಮುರುಸಾಗುತ್ತದೆ.

ಪ್ರಶ್ನೆ: ಕೆಳದಿ ಚೆನ್ನಮ್ಮನ ನಿಜವಾದ ಭಾವಚಿತ್ರ ಇದೆಯೇ?

ಕ್ಯಾಲೆಂಡರುಗಳಲ್ಲಿ, ಶಾಲೆಯ ಗೋಡೆಗಳಲ್ಲಿ ಕಾಣುವ ಕತ್ತಿ ಹಿಡಿದ ಚೆನ್ನಮ್ಮ ಇತ್ತೀಚಿನ ಕಲಾವಿದರ ಕಲ್ಪನೆ. ಅದನ್ನು ಕಿತ್ತೂರು ಚೆನ್ನಮ್ಮನ ಚಿತ್ರದೊಂದಿಗೆ ಬೆರೆಸಿಬಿಡುವವರೂ ಬಹಳ. ಗಂಡ ಸೋಮಶೇಖರ ನಾಯಕನ ನಂತರ ಕೆಳದಿಯ ಚೆನ್ನಮ್ಮ ಆಳಿದ್ದು 17ನೇ ಶತಮಾನದ ಕೊನೆಯ ಭಾಗದಲ್ಲಿ, ಕಿತ್ತೂರಿನ ಚೆನ್ನಮ್ಮ ಬ್ರಿಟಿಷರನ್ನು ಎದುರಿಸಿದ್ದು 1824ರಲ್ಲಿ. ನಡುವೆ ಒಂದು ಶತಮಾನಕ್ಕಿಂತ ಹೆಚ್ಚಿನ ಅಂತರವಿದೆ.

ಸಾಗರದ ಬಳಿಯ ಕೆಳದಿಯ ದೇವಾಲಯ ಸಂಕೀರ್ಣದಲ್ಲಿ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನನ್ನು ಸತ್ಕರಿಸುತ್ತಿರುವುದೆಂದು ಗುರುತಿಸುವ ಶಿಲ್ಪವೊಂದಿದೆ. ಔರಂಗಜೇಬನ ಸೈನ್ಯ ಬೆನ್ನಟ್ಟಿ ಬರುತ್ತಿದ್ದಾಗ 1689ರಲ್ಲಿ ಆತನಿಗೆ ಆಶ್ರಯ ಕೊಟ್ಟ ಪ್ರಸಂಗ ಅದು. ಯುರೋಪಿನ ರಾಣಿಯರಂತೆ ಒಂಟಿಯಾಗಿ ನಿಂತು ನಮ್ಮ ಕಡೆ ನೋಡುವ ಭಂಗಿ ಅಲ್ಲಿಲ್ಲ. ಒಬ್ಬರಿಗೆ ಏನನ್ನೋ ಮಾಡುತ್ತಿರುವ ರಾಣಿ ಇದ್ದಾಳೆ. ನಮ್ಮ ಹಳೆಯ ಶಿಲ್ಪಗಳಲ್ಲಿ ದೊಡ್ಡವರ ಗುರುತು ಬಹುಮಟ್ಟಿಗೆ ಹೀಗೆಯೇ ಬರುತ್ತದೆ: ದೇವರ ಮುಂದೆ, ಅತಿಥಿಯ ಮುಂದೆ, ದಾನ ಕೊಡುವಾಗ. ತಿರುಮಲದಲ್ಲಿರುವ ಕೃಷ್ಣದೇವರಾಯ, ತಿರುಮಲದೇವಿ, ಚಿನ್ನಾದೇವಿಯರ ಲೋಹದ ಪ್ರತಿಮೆಗಳನ್ನು ನೋಡಿ. ಮೂವರೂ ಕೈಮುಗಿದು ನಿಂತಿದ್ದಾರೆ. ಸಾಮ್ರಾಜ್ಯದ ಒಡವೆಯೆಲ್ಲ ಮೈಮೇಲಿದೆ, ಭಂಗಿ ಮಾತ್ರ ಭಕ್ತರದು. ದೇವರಿಗೆ ಅಷ್ಟು ಹತ್ತಿರ ನಿಲ್ಲುವ ಹಕ್ಕೇ ಅಲ್ಲಿ ಸ್ಥಾನ.

ಮಲೆನಾಡಿನ ಊರೂರುಗಳಲ್ಲಿರುವ, ಗಂಡನ ಚಿತೆಯೇರಿದ ಹೆಂಗಸರ ನೆನಪಿಗೆ ನಿಲ್ಲಿಸಿದ ಮಾಸ್ತಿಕಲ್ಲುಗಳನ್ನೂ ಇಲ್ಲಿ ನೆನೆಯಬೇಕು. ಕಂಬದಿಂದ ಹೊರಚಾಚಿ, ಮೊಣಕೈ ಮಡಿಸಿ ಮೇಲೆತ್ತಿದ ಒಂದು ಕೈ, ಬೆರಳುಗಳಲ್ಲಿ ನಿಂಬೆಹಣ್ಣು, ಮಣಿಕಟ್ಟಿನಿಂದ ಮೇಲಕ್ಕೆ ಒಡೆಯದ ಬಳೆಗಳು. ಮುಖವೇ ಇಲ್ಲದೆ ಬರಿಯ ಕೈಯಿಂದ ಒಬ್ಬ ಹೆಂಗಸನ್ನು ಗುರುತಿಸುವ ಇಂತಹ ಕಲ್ಲುಗಳ ಮುಂದೆ ನಿಂತಾಗ ಹೋಲ್‌ಬೈನನ ಕ್ರಿಸ್ಟೀನಾ ನೆನಪಾಗುವುದು ನನಗೊಬ್ಬನಿಗೇ ಇರಬಹುದು. ಆ ಕೈಯ ಹಿಂದಿನ ಸಂಕಟ ಬೇರೆಯೇ ಸಂಗತಿ.

ಪ್ರಶ್ನೆ: ಕರ್ನಾಟಕದ ರಾಣಿಯರು ಯುರೋಪಿನ ಶೈಲಿಯಲ್ಲಿ ಚಿತ್ರ ಬರೆಸಿಕೊಂಡದ್ದು ಯಾವಾಗ?

ಬಹಳ ಕುತೂಹಲದ ಉದಾಹರಣೆ 1805ರ ಸುಮಾರಿನದು. ಥಾಮಸ್ ಹಿಕ್ಕಿ ಬರೆದನೆನ್ನಲಾದ ತೈಲಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಬಹುಕಾಲ ಇವರನ್ನು ನರ್ತಕಿಯರೆಂದು ತಿಳಿಯಲಾಗಿತ್ತು. ಆಮೇಲೆ ಇತಿಹಾಸಕಾರರು ಇವರನ್ನು ಮೈಸೂರಿನ ಅರಮನೆಯವರೆಂದು ಗುರುತಿಸಿದರು: ನಡುವೆ ಹಿರಿಯರಾದ ಲಕ್ಷ್ಮಮ್ಮಣ್ಣಿ, ಇಕ್ಕೆಲಗಳಲ್ಲಿ ಇನ್ನೂ ಬಾಲಕನಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿಯರು. ಬಲಗಡೆಯ ಎಳೆಯ ರಾಣಿ ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸುತ್ತಿದ್ದಾಳೆ. ಅಂತಃಪುರದ ಹೆಂಗಸು ಹಾಗೆ ತೋಳು ತೋರಿಸುವುದು ಮರ್ಯಾದೆಗೆ ಒಪ್ಪುವ ಮಾತಲ್ಲ. ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ತೋರಿಸುವ ಕೈ ಎಂಬುದು ಈ ಇತಿಹಾಸಕಾರರ ಓದು. ಇನ್ನೊಬ್ಬ ರಾಣಿಯ ಮೂಗಿನ ಕೆಳಗೆ, ಬಾಯಿಯ ಸುತ್ತ ಇರುವ ಬಣ್ಣಗೆಟ್ಟ ಚರ್ಮವನ್ನು ಲಸಿಕೆಗೆ ಮುಂಚೆ ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತೆಂದು ಓದಿದ್ದಾರೆ. ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ಜನ ಹೆದರುತ್ತಿದ್ದ ಹೊತ್ತಿನಲ್ಲಿ ರಾಣಿಯೇ ಹಾಕಿಸಿಕೊಂಡಿದ್ದಾಳೆ ಎಂದರೆ ಅದರ ತೂಕ ಬೇರೆ. ಆ ಓದು ಸರಿಯಾದರೆ, ರಾಣಿಯ ಮೈಮೇಲಿನ ರಾಶಿ ಒಡವೆ ಅಲ್ಲಿ ಸಾಕ್ಷಿಯ ಸಹಿಯಂತೆ ಕೆಲಸ ಮಾಡುತ್ತಿದೆ.

ಮುಂದೆ ರಾಜಾ ರವಿವರ್ಮ ತಿರುವಾಂಕೂರು, ಬರೋಡಾ, ಮೈಸೂರುಗಳ ಅರಮನೆಗಳಿಗೆ ಬರೆದನು. ಚಾಮರಾಜೇಂದ್ರ ಒಡೆಯರು ಅವನನ್ನು ಕರೆಸಿದ್ದು 1885ರಲ್ಲಿ. ಆತನ ರಾಣಿಯರಲ್ಲಿ ಯುರೋಪಿನ ಪರದೆ, ಮೇಜು, ಕುರ್ಚಿಗಳ ನಡುವೆ ನಮ್ಮ ಸೀರೆಯ ನೆರಿಗೆ ಬಂದು ನಿಂತಿತು. 1894ರಲ್ಲಿ ಮುಂಬಯಿಯಲ್ಲಿ ಆತ ಮುದ್ರಣಾಲಯ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರಿಗೂ ಅದೇ ದೊಡ್ಡಮನೆಯ ಹೆಂಗಸಿನ ಜರಿಸೀರೆ, ಅದೇ ನಿಲುವು ಸಿಕ್ಕಿತು. ನಮ್ಮ ದೇವರ ಕೋಣೆಯ ಪಟಗಳಲ್ಲಿ ನಾವು ಅರಿಯದೆಯೇ ರಾಣಿಯರ ಭಾವಚಿತ್ರದ ಭಂಗಿಗೆ ಆರತಿ ಎತ್ತುತ್ತಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಅಜ್ಜಿಯ ಹಳೆಯ ಫೋಟೋವನ್ನು ಇದೇ ರೀತಿ ಓದಬಹುದೇ?

ಓದಬಹುದು, ಓದಲೇಬೇಕು. ಕೊರಳಿನಿಂದ ಕೆಳಗೆ ಬನ್ನಿ: ಕಟ್ಟಾಣಿ, ಅಡ್ಡಿಕೆ, ಕಾಸಿನ ಸರ, ತೋಳಿನಲ್ಲಿ ವಂಕಿ, ಸೊಂಟದಲ್ಲಿ ಡಾಬು, ಕಿವಿಯ ಮೇಲ್ಭಾಗದಲ್ಲಿ ಬುಗುಡಿ. ಪಕ್ಕಕ್ಕೆ ತಿರುಗಿ ನಿಲ್ಲಿಸಿ, ಜಡೆಯನ್ನು ಮುಂದಕ್ಕೆ ಹಾಕಿಸಿ ತೆಗೆದಿದ್ದರೆ ಜಡೆಬಂಗಾರ ಕಾಣಲೆಂದೇ ಹಾಗೆ ಮಾಡಿಸಿದ್ದಾರೆ ಎಂದು ತಿಳಿಯಬೇಕು. ಸೆರಗಿನ ಜರಿ ಮುಂದೆ ಕಾಣುವಂತೆ ಹೊದ್ದಿದ್ದರೂ ಹಾಗೆಯೇ. ಎಲ್ಲವೂ ಆಕೆಯದೇ ಎಂದು ನಂಬಬೇಡಿ; ಫೋಟೋದ ದಿನಕ್ಕೆಂದು ಅತ್ತಿಗೆಯ ಡಾಬು, ಅತ್ತೆಯ ಅಡ್ಡಿಕೆ ತಂದು ಹಾಕುವುದು ಸಾಮಾನ್ಯವಾಗಿತ್ತು.

ನನ್ನ ತಾಯಿಯ ತಾಯಿಯ ಫೋಟೋ ಒಂದು ನಮ್ಮ ಮನೆಯಲ್ಲಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವರು. ಅಜ್ಜ ಕುರ್ಚಿಯಲ್ಲಿ, ಅಜ್ಜಿ ಹಿಂದೆ, ಎಡಗೈ ಕುರ್ಚಿಯ ಬೆನ್ನಿನ ಮೇಲೆ. ಮೂಗುತಿ, ಕಾಸಿನ ಸರ, ಅಗಲ ಅಂಚಿನ ಸೀರೆ. ನೋಡಿದವರು ದೊಡ್ಡಮನೆಯ ಗೃಹಿಣಿ ಎನ್ನಬೇಕು, ಹಾಗಿದೆ. ಆದರೆ ಕುರ್ಚಿಯ ಮೇಲಿನ ಆ ಕೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಕಪ್ಪಗಿವೆ. ಅಡಿಕೆ ಸುಲಿದ ಚೊಗರು ಅದು. ಸುಗ್ಗಿಯಲ್ಲಿ ಹಿಡಿದರೆ ವಾರಗಟ್ಟಲೆ ಹೋಗುವುದಿಲ್ಲ. ಆಳುಕಾಳಿದ್ದ ಮನೆಯಾದರೂ ಅಜ್ಜಿ ರಾತ್ರಿ ಮೆಟ್ಟುಗತ್ತಿಯ ಮುಂದೆ ತಾವೇ ಕೂರುತ್ತಿದ್ದರು. ಫೋಟೋಗೆಂದು ತೊಟ್ಟ ಕಾಸಿನ ಸರದಷ್ಟೇ ಸ್ಪಷ್ಟವಾಗಿ ಆ ಎರಡು ಬೆರಳುಗಳು ಮನೆಯ ಹದವನ್ನು ಹೇಳುತ್ತವೆ.

ಕೆಲವು ವರ್ಷಗಳ ಹಿಂದೆ ಬೂಷ್ಟು ಹಿಡಿದಿದ್ದ ಆ ಫೋಟೋವನ್ನು ಸರಿಪಡಿಸಲು ಒಂದು ಸ್ಟುಡಿಯೋಗೆ ಕೊಟ್ಟೆ. ಕಂಪ್ಯೂಟರಿನಲ್ಲಿ ತಿದ್ದಿ, ಹೊಳೆಯುವ ಕಾಗದದಲ್ಲಿ ಪ್ರಿಂಟ್ ಹಾಕಿ ಕೊಟ್ಟರು. ಮೂಗಿನ ಮೇಲಿನ ಚುಕ್ಕೆಯನ್ನು ಬೂಷ್ಟಿನ ಕಲೆಯೆಂದು ತಿಳಿದು ಮೂಗುತಿಯನ್ನು ಅಳಿಸಿಹಾಕಿದ್ದರು. ಬೆರಳಿನ ಚೊಗರನ್ನೂ ತೊಳೆದಿದ್ದರು. ಮೂಗುತಿಯಿಲ್ಲದ ಮುಖ, ಕೆಲಸ ಕಾಣದ ಕೈ. ನಮ್ಮ ತಾಯಿ ಅದನ್ನು ಒಮ್ಮೆ ನೋಡಿ, "ಇದು ಯಾರೇ ಅಂತ ಕೇಳಿದ್ರೆ ನಾನು ಏನು ಹೇಳ್ಲಿ?" ಎಂದು ಕೆಳಗಿಟ್ಟರು. ಅದೃಷ್ಟಕ್ಕೆ ಮೂಲ ಪ್ರತಿಯನ್ನು ಹಿಂದಕ್ಕೆ ಪಡೆದಿದ್ದೆ. ಹಳೆಯ ಫೋಟೋ ತಿದ್ದಿಸುವವರು, ಯಾವ ಚುಕ್ಕೆ ಒಡವೆ, ಯಾವುದು ಕಲೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡುವುದು ಒಳ್ಳೆಯದು.

ಪ್ರಶ್ನೆ: ಇವುಗಳನ್ನು ನೋಡಲು ಎಲ್ಲಿಗೆ ಹೋಗಬೇಕು?

ಯುರೋಪಿನ ಚಿತ್ರಗಳನ್ನು ಆಯಾ ಸಂಗ್ರಹಾಲಯಗಳ ಜಾಲತಾಣಗಳಲ್ಲಿ ದೊಡ್ಡದಾಗಿ ನೋಡಬಹುದು. ಕೈಗಳ ಭಾಗವನ್ನು ಹಿಗ್ಗಿಸಿ ನೋಡಿ. ರವಿವರ್ಮನ ತೈಲಚಿತ್ರಗಳಿಗೆ ಮೈಸೂರಿನ ಜಗನ್ಮೋಹನ ಅರಮನೆ ಇದೆ. ಕೆಳದಿಗೆ ಹೋಗುವವರು ದೇವಾಲಯದ ಜೊತೆಗೆ ಅಲ್ಲಿನ ವಸ್ತುಸಂಗ್ರಹಾಲಯವನ್ನೂ ನೋಡಿ ಬರಬಹುದು. ಶಿಲ್ಪದ ಫೋಟೋವನ್ನು ಫ್ಲ್ಯಾಶ್ ಹಾಕಿ ನೇರವಾಗಿ ತೆಗೆದರೆ ಎಲ್ಲವೂ ಚಪ್ಪಟೆಯಾಗುತ್ತದೆ. ಮೊಬೈಲಿನ ಟಾರ್ಚನ್ನು ಪಕ್ಕದಲ್ಲಿ ಓರೆಯಾಗಿ ಹಿಡಿಯಲು ಜೊತೆಯವರಿಗೆ ಹೇಳಿ. ಸವೆದ ಕಲ್ಲಿನಲ್ಲಿಯೂ ಆಗ ಬಳೆಯ ಗೆರೆಗಳು ಒಂದೊಂದಾಗಿ ಏಳುತ್ತವೆ.